‘ಹಲ್ಲು ಬರುವಾಗ ಹೋಯಿತು’: ನೂರು ವರ್ಷ ಹಿಂದಿನ ಡಲ್ಲಾಸಿನಲ್ಲಿ ಸಾವಿನ ಲೆಕ್ಕ



ದಿಕ್ಸೂಚಿ ಭಾಷಣಕ್ಕೆ ಸಾವಿನ ಲೆಕ್ಕವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ ಎಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮೆತ್ತಗೆ, ‘ಸಾರ್, ಮಧ್ಯಾಹ್ನ ಹೋಳಿಗೆ ಊಟ ಇದೆ’ ಎಂದರು. ಊಟ ಕೆಡಿಸುವ ಉದ್ದೇಶ ನನಗಿಲ್ಲ. ನನ್ನ ವೃತ್ತಿ ಸಾರ್ವಜನಿಕ ಆರೋಗ್ಯದ ಅಂಕಿಅಂಶ. ಇಡೀ ದಿನ ಮರಣ ಪ್ರಮಾಣಪತ್ರಗಳ ಸಾಲುಗಳನ್ನು ಕಂಪ್ಯೂಟರಿನಲ್ಲಿ ನೋಡುವವನು. ಟೆಕ್ಸಾಸಿನಲ್ಲಿ 25 ವರ್ಷ ದಾಟಿದ ಮರಣ ದಾಖಲೆಗಳು ಸಾರ್ವಜನಿಕ. ಯಾರು ಬೇಕಾದರೂ ನೋಡಬಹುದು. ರಾತ್ರಿ ಊಟವಾದ ಮೇಲೆ ಹಳೆಯ ದಾಖಲೆಗಳನ್ನು ಓದುವುದು ನನಗೊಂದು ಚಟವಾಗಿದೆ. ಆ ಓದಿನಿಂದ ತಿಳಿದುಕೊಂಡ ಒಂದು ಸಂಗತಿಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಒಬ್ಬ ಮನುಷ್ಯ ಸತ್ತದ್ದು ಊರಿಗೆ ‘ತಿಳಿಯಬೇಕಾದರೆ’ ಅವನು ಸತ್ತರೆ ಸಾಲದು. ಯಾರಾದರೂ ಅದನ್ನು ಬರೆಯಬೇಕು, ಎಣಿಸಲು ಬರುವಂಥ ಹೆಸರಿನಲ್ಲಿ ಬರೆಯಬೇಕು, ಬದುಕಿರುವವರು ಎಷ್ಟು ಮಂದಿ ಎಂಬುದೂ ಗೊತ್ತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಒಂದು ಇಡೀ ಬೀದಿಯ ಕಾಯಿಲೆ ಕಣ್ಣಿಗೆ ಬೀಳದೆ ಹೋಗುತ್ತದೆ.

ಡಲ್ಲಾಸಿನವರಿಗೆ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಪ್ಲೇನೋ, ರಿಚರ್ಡ್‌ಸನ್ ಕಡೆಯಿಂದ ಡೌನ್‌ಟೌನಿಗೆ ಹೋಗುವ 75ನೇ ನಂಬರಿನ ರಸ್ತೆ. ನಮ್ಮಲ್ಲಿ ಅರ್ಧ ಜನ ಅದರ ಟ್ರಾಫಿಕ್ಕಿನಲ್ಲಿ ಕೂತೇ ಕನ್ನಡ ಹಾಡು ಕೇಳುವುದು. ಲೆಮನ್ ಅವೆನ್ಯೂ ಹತ್ತಿರ ಆ ರಸ್ತೆಯ ಪಕ್ಕದಲ್ಲಿ ಕಲ್ಲಿನ ಕಮಾನು, ಕಂಚಿನ ಮೂರ್ತಿಗಳಿರುವ ಒಂದು ಸ್ಮಾರಕವಿದೆ. ಅದು ಫ್ರೀಡ್‌ಮನ್ಸ್ ಸ್ಮಶಾನ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಕಪ್ಪು ಜನ ಅಲ್ಲೇ ಪಕ್ಕದಲ್ಲಿ ನಾರ್ತ್ ಡಲ್ಲಾಸ್ ಫ್ರೀಡ್‌ಮನ್ಸ್ ಟೌನ್ ಎಂಬ ಬಡಾವಣೆ ಕಟ್ಟಿಕೊಂಡಿದ್ದರು. ಇವತ್ತಿನ ಅಪ್‌ಟೌನಿನಲ್ಲಿ, ಸ್ಟೇಟ್-ಥಾಮಸ್ ಎಂದು ಕರೆಯುವ ಭಾಗದ ಆಸುಪಾಸು ಅದು. 1869ರಿಂದ 1907ರವರೆಗೆ ಅವರು ತಮ್ಮವರನ್ನು ಹೂಳಿದ್ದು ಈ ಜಾಗದಲ್ಲಿ. 1940ರ ದಶಕದಲ್ಲಿ ಎಕ್ಸ್‌ಪ್ರೆಸ್‌ವೇ ಕಟ್ಟಿದಾಗ ಸ್ಮಶಾನದ ಒಂದು ಭಾಗದ ಮೇಲೆಯೇ ರಸ್ತೆ ಹಾಯ್ದು ಹೋಯಿತು. 1990ರ ದಶಕದ ಆರಂಭದಲ್ಲಿ ಅದೇ ರಸ್ತೆಯನ್ನು ಅಗಲ ಮಾಡಲು ಹೊರಟಾಗ ಪುರಾತತ್ವದವರು ಬಂದು ಅಗೆದರು. 1,100ಕ್ಕೂ ಹೆಚ್ಚು ಜನರ ಅವಶೇಷಗಳು ಸಿಕ್ಕವು. ಅವನ್ನೆಲ್ಲ ಮತ್ತೆ ಅಲ್ಲೇ ಪಕ್ಕದಲ್ಲಿ ಮಣ್ಣು ಮಾಡಿದರು. ಸ್ಮಾರಕ ಲೋಕಾರ್ಪಣೆಯಾದದ್ದು 1999ರಲ್ಲಿ.

ಇವರಲ್ಲಿ ಬಹುತೇಕರು ಯಾರು, ಯಾವ ವರ್ಷ, ಯಾವುದರಿಂದ ಸತ್ತರು ಎಂದು ಹೇಳುವ ಕಾಗದ ಇಲ್ಲ. ಯಾಕಿಲ್ಲ ಎಂಬುದಕ್ಕೆ ಉತ್ತರ ಟೆಕ್ಸಾಸಿನ ನೋಂದಣಿಯ ಕಥೆಯಲ್ಲಿದೆ.

ಅಮೆರಿಕದಲ್ಲಿ ಸಾವುಗಳನ್ನು ದೇಶಮಟ್ಟದಲ್ಲಿ ಎಣಿಸಲು ‘ಮರಣ ನೋಂದಣಿ ವಲಯ’ ಎಂಬ ವ್ಯವಸ್ಥೆ ಶುರುವಾದದ್ದು 1880ರಲ್ಲಿ, ಎರಡು ರಾಜ್ಯ, ರಾಜಧಾನಿ ಮತ್ತು ಒಂದಷ್ಟು ನಗರಗಳಿಂದ. 1900ರ ನಂತರ ವರ್ಷವರ್ಷವೂ ಲೆಕ್ಕ ಪ್ರಕಟವಾಗತೊಡಗಿತು. ಆ ವಲಯಕ್ಕೆ ಸೇರಬೇಕಾದರೆ ನೂರರಲ್ಲಿ 90 ಸಾವಾದರೂ ದಾಖಲಾಗುತ್ತಿವೆ ಎಂದು ರಾಜ್ಯ ತೋರಿಸಬೇಕಿತ್ತು. ಟೆಕ್ಸಾಸ್ 1903ರಲ್ಲಿ ಸಾವನ್ನು ನೋಂದಾಯಿಸಬೇಕೆಂಬ ಕಾನೂನು ಮಾಡಿತು. ಆದರೆ ಆ 90ರ ಗೆರೆ ದಾಟಿ ವಲಯಕ್ಕೆ ಸೇರಿದ್ದು 1933ರಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಯದಾಗಿ. ಇಲ್ಲಿ ಕೂತಿರುವ ಹಲವರ ಅಜ್ಜ ಅಜ್ಜಿಯರು ಆಗಲೇ ಹುಟ್ಟಿದ್ದರು. ನಮ್ಮೂರುಗಳಲ್ಲಿ ಜನನ-ಮರಣ ಸರಿಯಾಗಿ ಬರೆಸುವುದಿಲ್ಲ ಎಂದು ನಾವು ಬೇಸರಪಡುತ್ತೇವಲ್ಲ, ಈ ದೇಶದ ಈ ರಾಜ್ಯವೂ ಆ ದಾರಿಯನ್ನು ನಿಧಾನವಾಗಿಯೇ ನಡೆದಿದೆ. 1918ರ ಇನ್‌ಫ್ಲುಯೆಂಜಾ ಬಂದಾಗ ಹ್ಯೂಸ್ಟನ್ನಿನ ಕ್ಯಾಂಪ್ ಲೋಗನ್ ಎಂಬ ಸೇನಾ ಶಿಬಿರದಲ್ಲಿ ಸಿಪಾಯಿಗಳು ಕಾಯಿಲೆ ಬಿದ್ದರು. ನೀವು ವಾರಾಂತ್ಯ ಓಡಲು ಹೋಗುವ ಮೆಮೋರಿಯಲ್ ಪಾರ್ಕ್ ಇದೆಯಲ್ಲ, ಅದೇ ಜಾಗ. ಆದರೆ ಆ ವರ್ಷದ ರಾಷ್ಟ್ರೀಯ ಸಾವಿನ ಲೆಕ್ಕ ತೆಗೆದರೆ ಟೆಕ್ಸಾಸ್ ಒಂದು ರಾಜ್ಯವಾಗಿ ಅದರಲ್ಲಿ ಇಲ್ಲ.

ಕಾನೂನು ಇದ್ದೂ ದಾಖಲೆ ಯಾಕೆ ಬರುತ್ತಿರಲಿಲ್ಲ? ಪ್ರಮಾಣಪತ್ರ ತುಂಬುವ ಕ್ರಮ ನೋಡಿದರೆ ಅರ್ಥವಾಗುತ್ತದೆ. ಹೆಸರು, ಬಣ್ಣ, ವಯಸ್ಸು, ಕಸುಬು, ತಂದೆ ತಾಯಿಯ ಹುಟ್ಟೂರು ಇವನ್ನು ಮನೆಯವರು ಹೇಳಬೇಕು. ಕಾರಣವನ್ನು ಕೊನೆಯಲ್ಲಿ ನೋಡಿದ ಡಾಕ್ಟರು ಬರೆಯಬೇಕು. ಹೂಳುವ ಹೊಣೆ ಹೊತ್ತ ಫ್ಯೂನರಲ್ ಹೋಮಿನವರು ಅದನ್ನು ಕಚೇರಿಗೆ ಮುಟ್ಟಿಸಬೇಕು. ಡಾಕ್ಟರನ್ನೇ ಕರೆಸದ ಮನೆಯಲ್ಲಿ, ನೆರೆಯವರೇ ಪೆಟ್ಟಿಗೆ ಹೊಡೆದು ಮಣ್ಣು ಮಾಡುವ ಕಡೆ, ಈ ಸರಪಳಿಯ ಕೊಂಡಿ ಒಂದೂ ಇರುವುದಿಲ್ಲ. ಬಡಾವಣೆಯಲ್ಲಿ ಕಪ್ಪು ಜನಾಂಗದ ಡಾಕ್ಟರುಗಳು ಬೆರಳೆಣಿಕೆಯಷ್ಟು. ಬೆಂಜಮಿನ್ ಬ್ಲೂಯಿಟ್ ಎಂಬ ಶಸ್ತ್ರವೈದ್ಯರು ಡಲ್ಲಾಸಿನಲ್ಲಿ ತಮ್ಮವರಿಗಾಗಿ ಆಸ್ಪತ್ರೆ ತೆರೆದದ್ದೇ ಇಪ್ಪತ್ತನೆಯ ಶತಮಾನ ಶುರುವಾದ ಮೇಲೆ. ಡಾಕ್ಟರಿಲ್ಲದ ಸಾವಿಗೆ ಕಾರಣ ಹೇಳುವ ಅಧಿಕಾರ ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಯದು. ಅವರು ವೈದ್ಯರಾಗಿರಬೇಕೆಂದಿಲ್ಲ. ಟೆಕ್ಸಾಸಿನ ಎಷ್ಟೋ ಸಣ್ಣ ಕೌಂಟಿಗಳಲ್ಲಿ ಇವತ್ತಿಗೂ ಹೀಗೇ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಇನ್ನು ಬರೆದ ಹೆಸರಿನ ವಿಷಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದ ದಾಖಲೆಗಳಲ್ಲಿ ಕೂಸುಗಳ ಸಾವಿಗೆ ಕೊಟ್ಟ ಕಾರಣಗಳನ್ನು ಓದಿದರೆ ನಮ್ಮ ಅಜ್ಜಿಯರ ಮಾತು ಕೇಳಿದ ಹಾಗಾಗುತ್ತದೆ. ‘ಬೇಸಿಗೆಯ ಕಾಯಿಲೆ’, ‘ಸೆಳೆತ’, ‘ನಿಶ್ಶಕ್ತಿ’. ಇವುಗಳ ನಡುವೆ ಮತ್ತೆಮತ್ತೆ ಬರುವ ಒಂದು ಕಾರಣ ‘ಹಲ್ಲು ಬರುವುದು’. ಹಲ್ಲು ಮೊಳೆಯುವುದರಿಂದ ಯಾವ ಮಗುವೂ ಸಾಯುವುದಿಲ್ಲ. ಆದರೂ ಬರೆದವರು ಸುಳ್ಳು ಬರೆದಿರಲಿಲ್ಲ. ಅವರು ಕಣ್ಣಾರೆ ಕಂಡದ್ದನ್ನು ಬರೆದಿದ್ದರು. ಆರೇಳು ತಿಂಗಳಿಗೆ ಹಲ್ಲು ಕಾಣಿಸುತ್ತದೆ. ಅದೇ ಹೊತ್ತಿಗೆ ಎದೆಹಾಲು ಕಡಿಮೆ ಮಾಡಿ ಹಸುವಿನ ಹಾಲು, ನೀರು, ಗಂಜಿ ಕೊಡಲು ಶುರು ಮಾಡುತ್ತಾರೆ. ತಾಯಿ ಬೇರೆಯವರ ಮನೆಯ ಬಟ್ಟೆ ಒಗೆಯಲು, ಅಡುಗೆ ಮಾಡಲು ಹೋಗಬೇಕಾದರೆ ಇನ್ನೂ ಬೇಗ. ಟೆಕ್ಸಾಸಿನ ಜುಲೈ ಬಿಸಿಲು, ಐಸ್ ಕೊಳ್ಳಲು ಕಾಸಿಲ್ಲದ ಮನೆ, ಕಕ್ಕಸಿನ ಗುಂಡಿಗೆ ಹತ್ತಿರದ ಬಾವಿ, ನೊಣ. ಮಗುವಿಗೆ ಭೇದಿ ಹತ್ತಿ ಎರಡು ದಿನದಲ್ಲಿ ಮೈಯ ನೀರೆಲ್ಲ ಹೋಗುತ್ತದೆ. ಬಾಯಿ ತೆರೆದು ನೋಡಿದರೆ ಕಾಣುವುದು ಹೊಸ ಹಲ್ಲು! ‘ಹಲ್ಲು ಬರ್ತಾ ಇದೆ, ಅದಕ್ಕೇ ಭೇದಿ’ ಎಂದು ನಮ್ಮ ಮನೆಗಳಲ್ಲಿ ಈಗಲೂ ಹೇಳುವುದಿಲ್ಲವೇ?

ಆ ಸ್ಮಶಾನವನ್ನು ಅಗೆದಾಗ ಕೂಸುಗಳ ಗೋರಿಗಳು ಬಹಳ ಸಿಕ್ಕವು. ಕೆಲವು ಮಕ್ಕಳ ಜೊತೆ ತೂತು ಕೊರೆದ ಬೆಳ್ಳಿ ನಾಣ್ಯಗಳಿದ್ದವು. ದಾರಕ್ಕೆ ಪೋಣಿಸಿ ಕೊರಳಿಗೋ ಕಾಲಿಗೋ ಕಟ್ಟಿದ್ದು. ಅವನ್ನು ಅಧ್ಯಯನ ಮಾಡಿದ ಪುರಾತತ್ವಜ್ಞ ಜೇಮ್ಸ್ ಡೇವಿಡ್‌ಸನ್ ಇವು ರಕ್ಷೆಗಾಗಿ ಕಟ್ಟಿದ್ದೆಂದೂ, ಹಲ್ಲು ಬರುವ ಮಕ್ಕಳಿಗೆ ಇಂಥ ನಾಣ್ಯ ಕಟ್ಟುವ ರೂಢಿಯಿತ್ತೆಂದೂ ವಿವರಿಸಿದ್ದಾರೆ. ನಮ್ಮ ತಾಯಿತ, ಉಡಿದಾರ ನೆನಪಾಗುತ್ತದೆ. ನನ್ನ ಮಟ್ಟಿಗೆ ಆ ನಾಣ್ಯವೂ ಒಂದು ಮರಣ ದಾಖಲೆಯೇ. ಈ ಮಗುವಿಗೆ ಯಾವುದರ ಭಯವಿತ್ತು ಎಂದು ತಾಯಿ ಅದರಲ್ಲಿ ಹೇಳಿದ್ದಾಳೆ. ಗುಮಾಸ್ತನ ಪುಸ್ತಕದಲ್ಲಿ ಅಷ್ಟೂ ಇಲ್ಲ.

ಕಾಗದವಿಲ್ಲದಿದ್ದರೆ ಮೂಳೆ ಹೇಳುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಹೇಳುತ್ತದೆ. ಶವಪೆಟ್ಟಿಗೆಯ ಹಿಡಿಕೆ, ತಿರುಪುಗಳ ವಿನ್ಯಾಸ ಕಾಲಕಾಲಕ್ಕೆ ಬದಲಾಗುತ್ತಿತ್ತು. ಹಳೆಯ ಮಾರಾಟದ ಕ್ಯಾಟಲಾಗುಗಳ ಜೊತೆ ಹೋಲಿಸಿ ಗೋರಿ ಯಾವ ಕಾಲದ್ದೆಂದು ಗೊತ್ತು ಮಾಡಿದರು. ಮಗುವಿನ ವಯಸ್ಸನ್ನು ತಿಂಗಳುಗಳ ಲೆಕ್ಕದಲ್ಲಿ ಹೇಳಲು ಎಲ್ಲಕ್ಕಿಂತ ನೆರವಾಗುವುದು ಹಲ್ಲೇ. ಸಾವಿಗೆ ಕಾರಣ ಎಂದು ಬೈಸಿಕೊಂಡ ಹಲ್ಲೇ ಈಗ ಸಾಕ್ಷಿ. ದೊಡ್ಡವರ ಹಲ್ಲಿನ ಹೊರಪದರದಲ್ಲಿ ಅಡ್ಡಗೆರೆಗಳಿದ್ದರೆ ಬಾಲ್ಯದಲ್ಲಿ ಯಾವಾಗಲೋ ಹಸಿವೋ ಕಾಯಿಲೆಯೋ ಬಂದು ಬೆಳವಣಿಗೆ ನಿಂತಿತ್ತು ಎಂದರ್ಥ. ಕಣ್ಣಿನ ಗೂಡಿನ ಮೂಳೆ ಸಣ್ಣ ಸಣ್ಣ ರಂಧ್ರ ಬಿದ್ದಿದ್ದರೆ ರಕ್ತಹೀನತೆಯ ಸಂದೇಹ. ಕ್ಷಯ ಕೆಲವರಲ್ಲಿ ಬೆನ್ನುಮೂಳೆಯನ್ನು ತಿನ್ನುತ್ತದೆ. ಆದರೆ ಬೇಗ ಕೊಲ್ಲುವ ಕಾಯಿಲೆಗಳು ಮೂಳೆಯ ಮೇಲೆ ಏನನ್ನೂ ಬರೆಯುವುದಿಲ್ಲ. ಭೇದಿ, ನ್ಯುಮೋನಿಯಾ, ವಿಷಮಶೀತಜ್ವರ ಇವೆಲ್ಲ ಗುರುತು ಬಿಡದೆ ಹೋಗುತ್ತವೆ. ಮೂಳೆಯಲ್ಲಿ ಗುರುತಿರುವವನು ಎಷ್ಟೋ ಸಲ ಕಾಯಿಲೆಯೊಂದಿಗೆ ಬಹುಕಾಲ ಬಾಳಿದವನು, ಅಂದರೆ ಅಷ್ಟರ ಮಟ್ಟಿಗೆ ಗಟ್ಟಿಗ. ಹಾಗಾಗಿ ಬರವಣಿಗೆಯ ಕೆಲಸವನ್ನು ಮೂಳೆ ಪೂರ್ತಿಯಾಗಿ ಮಾಡಲಾರದು.

ಕಾರಣಗಳ ಹೆಸರನ್ನು ಒಂದು ಹದಕ್ಕೆ ತಂದವರು ಪ್ಯಾರಿಸ್ ನಗರದ ಅಂಕಿಅಂಶ ಕಚೇರಿಯ ಜಾಕ್ ಬರ್ಟಿಲಾನ್. 1893ರಲ್ಲಿ ಅವರು ಮಂಡಿಸಿದ ಪಟ್ಟಿಯನ್ನು 1900ರಲ್ಲಿ ಹಲವು ದೇಶಗಳು ಸೇರಿ ಪರಿಷ್ಕರಿಸಿದವು. ಅದರಲ್ಲಿ 179 ಶೀರ್ಷಿಕೆಗಳಿದ್ದವು. ನಿಮ್ಮ ಇನ್ಶೂರೆನ್ಸ್ ಬಿಲ್ಲಿನಲ್ಲಿ ಡಾಕ್ಟರು ಬರೆಯುವ ಅಕ್ಷರ-ಅಂಕಿಯ ಕೋಡ್ ಇದೆಯಲ್ಲ, ಅದು ಈ ಪಟ್ಟಿಯ ಮರಿಮಗ. ಪಟ್ಟಿ ಬಂದ ಮೇಲೆ ‘ಜ್ವರ’ ಎಂದಷ್ಟೇ ಬರೆದರೆ ಗುಮಾಸ್ತ ವಾಪಸ್ ಕಳಿಸಬಹುದಿತ್ತು: ಯಾವ ಜ್ವರ?

ಯಾವ ಜ್ವರ ಎಂದು ಕೇಳಿದ್ದರಿಂದ ಏನಾಯಿತು ಎನ್ನುವುದಕ್ಕೆ ಡಲ್ಲಾಸಿನಲ್ಲೇ ಉದಾಹರಣೆಯಿದೆ. 1911ರ ಕೊನೆಯಿಂದ 1912ರ ಆರಂಭದವರೆಗೆ ಇಲ್ಲಿ ಮೆನಿಂಜೈಟಿಸ್ ಹಬ್ಬಿತು. ಹಿಂದಿನ ಕಾಲವಾಗಿದ್ದರೆ ‘ಮಿದುಳು ಜ್ವರ’ ಎಂದು ಬರೆದು ಮುಗಿಸುತ್ತಿದ್ದರು. ಆದರೆ ಅಷ್ಟರಲ್ಲಿ ಬೆನ್ನುಹುರಿಯ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಗುರುತಿಸುವುದು ಸಾಧ್ಯವಾಗಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಸೈಮನ್ ಫ್ಲೆಕ್ಸ್ನರ್ ಅದಕ್ಕೊಂದು ಸೀರಂ ತಯಾರಿಸಿದ್ದರು. ಅದನ್ನು ಬೆನ್ನುಹುರಿಗೆ ಚುಚ್ಚುವ ಕ್ರಮ ಬಲ್ಲ ಅಬ್ರಹಾಂ ಸೋಫಿಯನ್ ಎಂಬ ಯುವ ವೈದ್ಯ 1912ರ ಜನವರಿಯಲ್ಲಿ ಇಲ್ಲಿಗೆ ಬಂದು ರೋಗಿಗಳನ್ನು ನೋಡಿಕೊಂಡರು. ಮರುವರ್ಷ ಆ ಅನುಭವದಿಂದ ಪುಸ್ತಕವನ್ನೂ ಬರೆದರು. ಹೆಸರು ನಿಖರವಾಗಿತ್ತು, ಅದಕ್ಕೇ ಔಷಧ ರೈಲು ಹತ್ತಿ ಬಂತು.

ಈಗ ಭಾಗಾಕಾರದ ವಿಷಯ. ಇಲ್ಲಿರುವ ಇಂಜಿನಿಯರುಗಳಿಗೆ ಇದು ಸುಲಭ. ಸತ್ತವರ ಸಂಖ್ಯೆಯನ್ನು ಬದುಕಿರುವವರ ಸಂಖ್ಯೆಯಿಂದ ಭಾಗಿಸಿದರೆ ಮರಣ ದರ. ಆದರೆ ಜನಗಣತಿ ಹತ್ತು ವರ್ಷಕ್ಕೊಮ್ಮೆ. ಡಲ್ಲಾಸಿನ ಜನಸಂಖ್ಯೆ 1900ರಲ್ಲಿ 42,638 ಇದ್ದದ್ದು 1910ರಲ್ಲಿ 92,104 ಆಯಿತು. ಹ್ಯೂಸ್ಟನ್ 44,633ರಿಂದ 78,800ಕ್ಕೆ ಏರಿತು. ಆಸ್ಟಿನ್ ಮಾತ್ರ 22,258ರಿಂದ 29,860ಕ್ಕೆ, ನಿಧಾನವಾಗಿ. ಆಗಿನ ಆಸ್ಟಿನ್ನಿಗೆ ಇನ್ನೂ ನಾವು ಯಾರೂ ಬಂದಿರಲಿಲ್ಲ. ಉದಾಹರಣೆಗೆ 1909ರಲ್ಲಿ ಡಲ್ಲಾಸಿನಲ್ಲಿ 1,500 ಜನ ಸತ್ತರು ಎಂದು ಇಟ್ಟುಕೊಳ್ಳಿ. ಹಳೆಯ ಜನಗಣತಿಯಿಂದ ಭಾಗಿಸಿದರೆ ಸಾವಿರಕ್ಕೆ 35. ಆ ವರ್ಷ ಇದ್ದಿರಬಹುದಾದ ಸುಮಾರು 87,000 ಜನರಿಂದ ಭಾಗಿಸಿದರೆ 17. ಒಂದೇ ಊರು, ಅದೇ ಸಾವು. ಒಂದು ಲೆಕ್ಕದಲ್ಲಿ ಅದು ನರಕ, ಇನ್ನೊಂದರಲ್ಲಿ ಆರೋಗ್ಯಧಾಮ. ಬಡಾವಣೆ ಮಟ್ಟಕ್ಕೆ ಇಳಿದರೆ ಇನ್ನೂ ಕಷ್ಟ, ಯಾಕೆಂದರೆ ಬಾಡಿಗೆ ಮನೆಗಳಲ್ಲಿ ಒತ್ತಿಕೊಂಡು ಬದುಕುವವರನ್ನು ಗಣತಿಯವನೂ ಸರಿಯಾಗಿ ಎಣಿಸಿರುವುದಿಲ್ಲ.

ಬೆಂಗಳೂರಿನಲ್ಲಿ ಇದೇ ಕಾಲದಲ್ಲಿ ಇದರ ತಿರುಗುಮುರುಗು ನಡೆಯಿತು. 1898ರ ಆಗಸ್ಟಿನಲ್ಲಿ ಧಾರವಾಡ-ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಪ್ಲೇಗು ಬಂದು ಇಳಿಯಿತು. ಆಗ ಬೆಂಗಳೂರು ಎರಡು ಊರು. ಪೇಟೆಯ ಕಡೆ ಮೈಸೂರು ಸಂಸ್ಥಾನದ ಆಡಳಿತ, ದಂಡಿನ ಕಡೆ ಬ್ರಿಟಿಷರದು. ಸಾವಿನ ಲೆಕ್ಕವೂ ಎರಡು ಕಡೆ ಬೇರೆ ಬೇರೆ. ಇಲಿಗೆ ಆ ಗಡಿ ಗೊತ್ತಿರಲಿಲ್ಲ ಬಿಡಿ. ಪೇಟೆಯ ಜನಸಂಖ್ಯೆ 1891ರಲ್ಲಿ 80,285 ಇತ್ತು, 1901ರಲ್ಲಿ 69,447. ದಂಡಿನಲ್ಲಿ 1,00,081 ಇದ್ದದ್ದು 89,599. ಸತ್ತವರಷ್ಟೇ ಅಲ್ಲ, ಊರು ಬಿಟ್ಟವರೂ ಈ ಇಳಿಕೆಯಲ್ಲಿದ್ದಾರೆ. ಅರ್ಧ ಖಾಲಿಯಾದ ಬೀದಿಯಲ್ಲಿ ಸತ್ತವರನ್ನು ತುಂಬಿದ ಬೀದಿಯ ಜನಸಂಖ್ಯೆಯಿಂದ ಭಾಗಿಸಿದರೆ ಪ್ಲೇಗಿನ ಉಗ್ರತೆ ಕಡಿಮೆಯಾಗಿ ಕಾಣುತ್ತದೆ.

ಜೊತೆಗೆ ಜನ ಸಾವನ್ನು ಮುಚ್ಚಿಡುತ್ತಿದ್ದರು. ಪ್ಲೇಗೆಂದು ಬರೆಸಿದರೆ ಮನೆಯವರನ್ನೆಲ್ಲ ಶಿಬಿರಕ್ಕೆ ಒಯ್ಯುತ್ತಾರೆ, ಸಾಮಾನು ಸುಡುತ್ತಾರೆ, ಹೆಣವನ್ನು ಪರೀಕ್ಷೆ ಮಾಡುತ್ತಾರೆ. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರಲ್ಲಿ ಇದರ ವಿರುದ್ಧ ಗಲಭೆಯೇ ಆಯಿತು. ಹಾಗಾಗಿ ಪ್ಲೇಗಿನ ಸಾವು ‘ಜ್ವರ’ದ ಕಾಲಮ್ಮಿಗೆ ಹೋಗಿ ಸೇರುತ್ತಿತ್ತು. ಮುಂಬಯಿಯ ಅಧಿಕಾರಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಕಾರಣದ ಕಾಲಮ್ಮನ್ನು ನಂಬಬೇಡ, ಒಟ್ಟು ಸಾವನ್ನು ಹಿಂದಿನ ವರ್ಷಗಳ ಒಟ್ಟಿಗೆ ಹೋಲಿಸು, ಎಷ್ಟು ಹೆಚ್ಚಾಗಿದೆಯೋ ಅದನ್ನು ನೋಡು. ಕೋವಿಡ್ ಕಾಲದಲ್ಲಿ ‘ಹೆಚ್ಚುವರಿ ಸಾವು’ ಎಂದು ಪತ್ರಿಕೆಗಳಲ್ಲಿ ಓದಿದಿರಲ್ಲ, ಅದೇ ಲೆಕ್ಕ.

ಸರ್ಕಾರಕ್ಕಿಂತ ಮೊದಲೇ ಜನರಿಗೆ ಒಂದು ಎಚ್ಚರಿಕೆಯ ಗಂಟೆ ಗೊತ್ತಿತ್ತು. ‘ಇಲಿ ಬಿತ್ತು’ ಎಂದರೆ ಊರಾಚೆ ಗುಡಿಸಲು ಹಾಕಿಕೊಂಡು ಹೊರಡುವುದು. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ತೋರಿಸಿದ್ದು ಅದೇ 1898ರಲ್ಲಿ. ವೈದ್ಯಲೋಕ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ನಂತರ ದಂಡಿನ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಫ್ರೇಜರ್ ಟೌನಿನಲ್ಲಿ ಇಲಿ ನುಸುಳದಂಥ ಮನೆಗಳನ್ನು ಕಟ್ಟಿಸಿ 1914ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. 1920ರಲ್ಲಿ ಹ್ಯೂಸ್ಟನ್ ಪಕ್ಕದ ಗ್ಯಾಲ್ವೆಸ್ಟನ್ ಬಂದರಿಗೆ ಪ್ಲೇಗು ಬಂದಾಗ ಇಲ್ಲಿನ ಆರೋಗ್ಯ ಇಲಾಖೆಯವರೂ ಮಾಡಿದ್ದು ಇಲಿ ಹಿಡಿದು ಪ್ರಯೋಗಾಲಯದಲ್ಲಿ ಕೊಯ್ದು ನೋಡುವ ಕೆಲಸವನ್ನೇ. ಮನುಷ್ಯ ಸಾಯುವ ಮುಂಚೆಯೇ ಸಾವಿನ ಲೆಕ್ಕ ಶುರುವಾದದ್ದು ಹಾಗೆ.

ಡಲ್ಲಾಸಿನ ಮಾತು ಜಾಸ್ತಿಯಾಯಿತು, ಬೇರೆ ಊರಿನವರು ಮುನಿಸಿಕೊಳ್ಳಬೇಡಿ. ಆಸ್ಟಿನ್ನಿನ ಓಕ್‌ವುಡ್ ಸ್ಮಶಾನದಲ್ಲಿ 1914ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರವನ್ನು 2016ರಲ್ಲಿ ದುರಸ್ತಿ ಮಾಡುವಾಗ ಅದರ ತಳದಲ್ಲಿ ಗೋರಿಗಳು ಸಿಕ್ಕವು. ಕಪ್ಪು ಜನರಿಗೆಂದು ಬಿಟ್ಟಿದ್ದ ಭಾಗದ ಮೇಲೆಯೇ ಕಟ್ಟಡ ಎದ್ದಿತ್ತು. ಹ್ಯೂಸ್ಟನ್ನಿನಲ್ಲಿ ವೈಟ್ ಓಕ್ ಬಾಯೂ ಹತ್ತಿರದ ಆಲಿವ್‌ವುಡ್ ಸ್ಮಶಾನವನ್ನು ಒಮ್ಮೆ ಹೋಗಿ ನೋಡಿ.

ಇದೆಲ್ಲ ನೂರು ವರ್ಷದ ಹಿಂದಿನ ಮಾತು, ನಮಗೇನು ಎಂದು ಕೇಳುವವರಿಗೆ ಒಂದು ಪ್ರಶ್ನೆ. ಇಲ್ಲಿ ಡಾಕ್ಟರ ಬಳಿ ಹೋದಾಗ ಕುಟುಂಬದ ಕಾಯಿಲೆಗಳ ಫಾರಂ ಕೊಡುತ್ತಾರೆ. ಅಜ್ಜ ಯಾವುದರಿಂದ ತೀರಿಕೊಂಡರು? ನಮ್ಮಲ್ಲಿ ಎಷ್ಟು ಜನ ಅದನ್ನು ತುಂಬಬಲ್ಲೆವು? ‘ಹಾರ್ಟ್ ನಿಂತುಹೋಯಿತಂತೆ’ ಎಂದು ಬರೆಯುತ್ತೇವೆ. ಯಾವ ಸಾವಿನಲ್ಲಿ ಹಾರ್ಟ್ ನಿಲ್ಲುವುದಿಲ್ಲ? ಅದು ಕಾರಣವಲ್ಲ, ಸಾವಿನ ಇನ್ನೊಂದು ಹೆಸರು. ‘ಹಲ್ಲು ಬರುವುದು’ ಎಂದು ಬರೆದದ್ದಕ್ಕಿಂತ ಇದು ಹೆಚ್ಚೇನೂ ಹೇಳುವುದಿಲ್ಲ. ಪ್ರಮಾಣಪತ್ರದಲ್ಲಿ ಕಾರಣಕ್ಕೆ ಮೂರು ನಾಲ್ಕು ಸಾಲು ಇರುವುದು ಅದಕ್ಕೇ. ಮೊದಲ ಸಾಲಿನಲ್ಲಿ ಕೊನೆಗೆ ಆದದ್ದು, ಅದರ ಕೆಳಗೆ ಅದಕ್ಕೆ ಕಾರಣ, ಇನ್ನೂ ಕೆಳಗೆ ಅದರ ಮೂಲ. ಲೆಕ್ಕಕ್ಕೆ ಹೋಗುವುದು ಸಾಮಾನ್ಯವಾಗಿ ಮೂಲ. ಭಾರತದಲ್ಲಿ 1969ರ ಕಾಯ್ದೆಯ ಪ್ರಕಾರ ಪ್ರತಿ ಸಾವೂ ನೋಂದಣಿಯಾಗಬೇಕು. ಆದರೆ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ ಸುಮಾರು 22 ಮಾತ್ರ.

ಉಳಿದವಕ್ಕೆ ಏನು ಮಾಡುವುದು? ಭಾರತದಲ್ಲಿ ಪ್ರಭಾತ್ ಝಾ ಮತ್ತು ಅವರ ಸಂಗಡಿಗರು ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆ ಸೇರಿ ನಡೆಸಿದ ಹತ್ತು ಲಕ್ಷ ಸಾವುಗಳ ಅಧ್ಯಯನದಲ್ಲಿ ಕ್ಷೇತ್ರ ಸಿಬ್ಬಂದಿ ಮನೆಮನೆಗೆ ಹೋಗಿ ಕೂತು ಕೇಳಿದರು. ಎಷ್ಟು ದಿನ ಮಲಗಿದ್ದರು? ಕೆಮ್ಮಿತ್ತೇ, ರಕ್ತ ಬಿತ್ತೇ? ಕಾಲು ಊದಿತ್ತೇ? ಎದೆನೋವು ಎಡಗೈಗೆ ಬಂತೇ? ಸಕ್ಕರೆ ಕಾಯಿಲೆ ಇತ್ತೇ? ಬೀಡಿ ಸೇದುತ್ತಿದ್ದರೇ? ಆ ಉತ್ತರಗಳನ್ನು ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಓದಿ ಕಾರಣ ಗೊತ್ತು ಮಾಡುತ್ತಿದ್ದರು. ಈ ಪ್ರಶ್ನೆಗಳನ್ನು ಕೇಳಲು ಡಾಕ್ಟರಾಗಬೇಕಿಲ್ಲ. ಊರಿನಲ್ಲಿ ದೊಡ್ಡಮ್ಮ, ಸೋದರತ್ತೆ ಇನ್ನೂ ಇದ್ದರೆ ಮುಂದಿನ ಭಾನುವಾರ ಫೋನ್ ಮಾಡಿದಾಗ ಮಳೆ, ಮದುವೆಯ ಸುದ್ದಿ ಮುಗಿದ ಮೇಲೆ ಕೇಳಿ, ಬರೆದಿಟ್ಟುಕೊಳ್ಳಿ. ‘ಯಾವ ಜ್ವರ ಅತ್ತೆ? ಎಷ್ಟು ದಿನ ಇತ್ತು?’

ಹೋಳಿಗೆಯ ಸಾಲಿನಲ್ಲಿ ಸಿಗೋಣ.